ಮೊಲಕ್ಕೆ ಚಿಗಟ ಹತ್ತಿದರೆ: ಮೊದಲು ಸೀರಣಿಗೆ, ಆಮೇಲೆ ಔಷಧಿ

ಮೃಗಶಿರಾ ಮಳೆ ಹಿಡಿದು ಎರಡು ವಾರ ಕಳೆದರೆ ಮಲೆನಾಡಿನ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಜಗಲಿಯ ನಾಯಿ ರಾತ್ರಿಯಿಡೀ ಕೆರೆದುಕೊಳ್ಳುತ್ತದೆ. ಚಿಗಟಕ್ಕೆ ಇಂಥ ತೇವ, ಬೆಚ್ಚಗಿನ ಒಂದು ಮೂಲೆ ಸಿಕ್ಕರೆ ಸಾಕು. ಸಾಕಿದ ಮೊಲಕ್ಕೆ ಹತ್ತುವುದು ಹೆಚ್ಚಾಗಿ ಬೆಕ್ಕು, ನಾಯಿಯ ಮೈಮೇಲಿನ ಚಿಗಟವೇ. ಅದು ಗೂಡಿಗೆ ಹಾರಿ ಬಂದಿರುತ್ತದೆ, ಅಷ್ಟೆ.

ಮುಂದೆ ಓದುವ ಮೊದಲು ಒಂದು ಮಾತು. ನಾಯಿಗೆಂದು ತಂದಿಟ್ಟ ಚಿಗಟದ ಔಷಧಿಯನ್ನು ಮೊಲದ ಮೇಲೆ ಒಂದು ಹನಿಯೂ ಹಾಕಬೇಡಿ. ಫ್ರಂಟ್‌ಲೈನ್‌ನಂಥ ಔಷಧಿಗಳಲ್ಲಿರುವ ಫಿಪ್ರೊನಿಲ್ ನಾಯಿ, ಬೆಕ್ಕಿಗೆ ಒಗ್ಗುತ್ತದೆ, ಮೊಲಕ್ಕೆ ವಿಷ. ಮೊಲ ಮಂಕಾಗಿ ಮೇವು ಬಿಡುತ್ತದೆ, ನಡುಕ, ಸೆಳೆತ ಬರುತ್ತದೆ, ಸಾಯುವುದೂ ಉಂಟು. ಪರ್ಮೆಥ್ರಿನ್ ಇರುವ ಔಷಧಿ, ಚಿಗಟದ ಬೆಲ್ಟು, ಪುಡಿ, ಕೊಟ್ಟಿಗೆಯಲ್ಲಿ ದನದ ಉಣ್ಣೆಗೆ ಹೊಡೆಯುವ ದ್ರಾವಣ ಯಾವುದೂ ಬೇಡ. ಹೊಗೆಸೊಪ್ಪಿನ ನೀರು, ನುಸಿಗುಳಿಗೆ, ಕರ್ಪೂರದೆಣ್ಣೆಯಂಥ ಮನೆಮದ್ದಿಗೂ ಇದೇ ಮಾತು. ಮೊಲ ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ. ಜೊತೆಗೆ ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಒಳಗೇ ಉಳಿಯುತ್ತದೆ.

ನಿಜಕ್ಕೂ ಚಿಗಟವೇ ಹೌದೋ ನೋಡಿ. ಮನೆಯಲ್ಲಿ ಹೇನು ತೆಗೆಯುವ ಸೀರಣಿಗೆ ಇದ್ದರೆ ಅದೇ ಸಾಕು, ಹಲ್ಲು ಮುರಿದಿರಬಾರದು. ಮೊಲವನ್ನು ತೊಡೆಯ ಮೇಲೆ ಟವೆಲ್ ಹಾಸಿ ಕೂರಿಸಿಕೊಳ್ಳಿ. ಅಂಗಾತ ಮಲಗಿಸಬೇಡಿ, ಗಾಬರಿಗೆ ಜೋರಾಗಿ ಒದ್ದು ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಲ್ಲದು. ಕಿವಿಯ ಹಿಂದೆ, ಕುತ್ತಿಗೆ, ಬಾಲದ ಬುಡ, ಈ ಮೂರು ಕಡೆ ಕೂದಲು ಮಲಗಿದ ದಿಕ್ಕಿಗೇ ನಿಧಾನವಾಗಿ ಬಾಚಿ. ಮೊಲದ ಚರ್ಮ ತೆಳು, ಗಂಟಾದ ಕೂದಲನ್ನು ಎಳೆದರೆ ಹರಿಯುತ್ತದೆ. ಸೀರಣಿಗೆಗೆ ಬಂದ ಕಸವನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಉದುರಿಸಿ ಎರಡು ನಿಮಿಷ ಬಿಡಿ. ಕರಿ ಕಾಳುಗಳ ಸುತ್ತ ಇಟ್ಟಿಗೆ ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು.

ಚಿಗಟ ಸಿಗದೆ ಬೆನ್ನ ಮೇಲೆ ಬಿಳಿ ಹೊಟ್ಟು ಉದುರುತ್ತಿದ್ದರೆ, ಕಿವಿಯೊಳಗೆ ಕಂದು ಹಕ್ಕಳೆ ಇದ್ದರೆ, ಮೂಗು ಮತ್ತು ಪಾದದ ಮೇಲೆ ಬೂದಿ ಮೆತ್ತಿದಂತೆ ಕಂಡರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ, ಕಜ್ಜಿ. ಅದರ ಚಿಕಿತ್ಸೆ ಬೇರೆ. ವೈದ್ಯರಲ್ಲಿಗೇ ಹೋಗಬೇಕು.

ಚಿಗಟ ಖಚಿತವಾದರೆ ಬಾಚುವುದನ್ನೇ ದಿನಚರಿ ಮಾಡಿಕೊಳ್ಳಿ. ಪಕ್ಕದಲ್ಲಿ ಒಂದು ಬೋಗುಣಿ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಎರಡು ಮೂರು ಹನಿ ಹಾಕಿಡಿ. ಬರೀ ನೀರಿನಲ್ಲಿ ಚಿಗಟ ಮೇಲೆ ತೇಲಿ ಹಾರಿಬಿಡುತ್ತದೆ, ಸೋಪು ಇದ್ದರೆ ಮುಳುಗುತ್ತದೆ. ಸೀರಣಿಗೆಯನ್ನು ಪ್ರತಿ ಸಲ ಅದರಲ್ಲಿ ಅದ್ದಿ, ಒರೆಸಿ, ಮತ್ತೆ ಬಾಚಿ. ದಿನಕ್ಕೆ ಹತ್ತು ನಿಮಿಷ ಸಾಕು, ಮೊಲ ಬೇಸರಪಟ್ಟರೆ ಎರಡು ಸಲಕ್ಕೆ ಹಂಚಿ. ಚಿಗಟವನ್ನು ಉಗುರಿನಿಂದ ಕುಟ್ಟಬೇಡಿ.

ಸ್ನಾನ ಮಾಡಿಸಿದರೆ ಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಮಾಡಿಸಬೇಡಿ. ಮೊಲದ ಒಳಗೂದಲು ದಟ್ಟ, ಮಳೆಗಾಲದಲ್ಲಿ ಗಂಟೆಗಟ್ಟಲೆ ಆರುವುದಿಲ್ಲ. ಅಷ್ಟರಲ್ಲಿ ಮೈ ತಣ್ಣಗಾಗಿ, ಹೆದರಿಕೆಯೂ ಸೇರಿ ಜೀವಕ್ಕೇ ಕುತ್ತು ಬರಬಹುದು.

ಬಾಚಣಿಗೆಯಿಂದಷ್ಟೇ ಹತೋಟಿಗೆ ಬಾರದಿದ್ದರೆ ಔಷಧಿ. ಮೊಲಕ್ಕೆ ಪಶುವೈದ್ಯರು ಸಾಮಾನ್ಯವಾಗಿ ಆರಿಸುವುದು ಎರಡನ್ನು, ಸೆಲಮೆಕ್ಟಿನ್ ಅಥವಾ ಇಮಿಡಾಕ್ಲೋಪ್ರಿಡ್. ಎರಡೂ ಚರ್ಮಕ್ಕೆ ಹನಿಸುವಂಥವು. ಇಲ್ಲಿ ಎಡವುವುದು ಹೆಸರಿನಲ್ಲಿ. ಅಡ್ವಾಂಟೇಜ್‌ನಲ್ಲಿ ಇರುವುದು ಇಮಿಡಾಕ್ಲೋಪ್ರಿಡ್ ಮಾತ್ರ. ನಾಯಿಗೆಂದೇ ಮಾಡಿದ ಅಡ್ವಾಂಟಿಕ್ಸ್‌ನಲ್ಲಿ ಪರ್ಮೆಥ್ರಿನ್ ಕೂಡ ಇದೆ. ಅಂಗಡಿಯವರು ಎರಡೂ ಒಂದೇ ಅಂದರೆ ಕೇಳಬೇಡಿ, ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಹತ್ತು ವಾರ ತುಂಬದ ಮರಿಗೆ ಇಮಿಡಾಕ್ಲೋಪ್ರಿಡ್ ಹಾಕುವಂತಿಲ್ಲ. ಮರಿಗಳಿಗೆ ಸೀರಣಿಗೆಯೇ ಗತಿ.

ಪ್ರಮಾಣ ಹೇಳುವವರು ವೈದ್ಯರು, ಆದರೆ ತೂಕ ನೀವು ಸರಿಯಾಗಿ ಕೊಡಬೇಕು. ಮೊಲವನ್ನು ಬುಟ್ಟಿಯಲ್ಲಿ ಕೂರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟು ಬುಟ್ಟಿಯ ತೂಕ ಕಳೆಯಿರಿ. ತೂಕ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕ: ಮೊಲ 1.5 ಕೆಜಿ ಇದ್ದು, ವೈದ್ಯರು ಕೆಜಿಗೆ 12 ಮಿಲಿಗ್ರಾಂ ಸೆಲಮೆಕ್ಟಿನ್ ಬರೆದರೆ ಒಟ್ಟು 18 ಮಿಲಿಗ್ರಾಂ. ಶೇಕಡಾ 6ರ ದ್ರಾವಣದಲ್ಲಿ ಅದು 0.3 ಮಿಲಿಲೀಟರ್. ಅದೇ ಔಷಧಿ ನಾಯಿಗೆ ಬರುವುದು ಶೇಕಡಾ 12ರಲ್ಲಿ, ಅಲ್ಲಿ 0.15 ಸಾಕು. ಕಣ್ಣಂದಾಜಿನಲ್ಲಿ ಹನಿಸಿದರೆ ದುಪ್ಪಟ್ಟಾಗುವುದು ಹೀಗೆ. ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜಿನಲ್ಲಿ ಅಳೆಯಿರಿ.

ಹಾಕುವ ಜಾಗ ತಲೆಯ ಹಿಂಬದಿ, ಕುತ್ತಿಗೆ ಶುರುವಾಗುವಲ್ಲಿ. ಕೂದಲನ್ನು ಎರಡು ಬೆರಳಿನಿಂದ ಬೈತಲೆ ತೆಗೆದಂತೆ ಬಿಡಿಸಿ, ಬಿಳಿ ಚರ್ಮ ಕಂಡ ಮೇಲೆ ಅಲ್ಲಿಗೇ ಹನಿಸಿ. ಕೂದಲ ಮೇಲೆ ಬಿದ್ದದ್ದು ಕೆಲಸಕ್ಕೆ ಬಾರದು. ಜೋಡಿ ಮೊಲವಿದ್ದರೆ ಪೂರ್ತಿ ಆರುವ ತನಕ ಬೇರೆ ಬೇರೆ ಇಡಿ, ಒಂದನ್ನೊಂದು ನೆಕ್ಕುತ್ತವೆ. ಇಮಿಡಾಕ್ಲೋಪ್ರಿಡ್ ಮೊಲದ ಮೇಲೆ ಸುಮಾರು ಒಂದು ವಾರವಷ್ಟೇ ತಡೆಯುತ್ತದೆ; ಎರಡನೇ ಸಲ ಯಾವಾಗ ಹಾಕಬೇಕೆಂದು ಮೊದಲೇ ಕೇಳಿಕೊಳ್ಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಊರಿನ ಆಸ್ಪತ್ರೆಯಲ್ಲಿ ಮೊಲ ನೋಡಿ ರೂಢಿಯಿಲ್ಲದಿದ್ದರೆ ಅಲ್ಲಿ ವಿಚಾರಿಸಬಹುದು.

ಗೊತ್ತಿಲ್ಲದೆ ನಾಯಿ ಔಷಧಿ ಹಾಕಿಬಿಟ್ಟಿದ್ದರೆ ಕಾಯಬೇಡಿ. ಆ ಜಾಗವನ್ನಷ್ಟೇ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು ಹಾಕಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಟವೆಲಿನಲ್ಲಿ ಸುತ್ತಿ, ಡಬ್ಬಿ ಸಮೇತ ವೈದ್ಯರಲ್ಲಿಗೆ ಒಯ್ಯಿರಿ. ಚಿಗಟ ಹೆಚ್ಚಾಗಿ ವಸಡು ಬಿಳಿಚಿದ್ದರೂ ಅಂದೇ ತೋರಿಸಬೇಕು, ಮರಿಗಳಂತೂ ರಕ್ತ ಕಳೆದುಕೊಂಡೇ ಸಾಯುತ್ತವೆ. ಹತ್ತು ಹನ್ನೆರಡು ಗಂಟೆ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಕೂತ ಮೊಲ ಯಾವ ಕಾರಣಕ್ಕೇ ಆಗಲಿ ತುರ್ತು.

ಇನ್ನು ಮನೆ. ನಿಜವಾದ ಕೆಲಸ ಇಲ್ಲಿರುವುದು. ಹೆಣ್ಣು ಚಿಗಟ ದಿನಕ್ಕೆ 40ರವರೆಗೂ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಅಂಟಿಲ್ಲ, ಕೂದಲಿನಿಂದ ಜಾರಿ ನೆಲಕ್ಕೆ ಬೀಳುತ್ತದೆ. ಮರಿಹುಳು ಬೆಳಕಿಗೆ ಹೆದರಿ ಮಣೆಯ ಕೆಳಗೆ, ನೆಲದ ಬಿರುಕಿಗೆ, ಚಾಪೆಯ ಅಡಿಗೆ ಸೇರುತ್ತದೆ. ಆಮೇಲೆ ಧೂಳು ಮೆತ್ತಿದ ಗೂಡು ಕಟ್ಟಿ ಒಳಗೆ ಕೂರುತ್ತದೆ, ಆ ಗೂಡಿಗೆ ಔಷಧಿ ಇಳಿಯುವುದಿಲ್ಲ. ಮೊಲಕ್ಕೆ ಹಾಕಿ ಎರಡು ವಾರವಾದರೂ ಹೊಸ ಚಿಗಟ ಕಂಡರೆ ಔಷಧಿ ಸೋತಿದೆ ಎಂದಲ್ಲ, ನೆಲದಿಂದ ಮೇಲೇಳುತ್ತಿವೆ ಎಂದರ್ಥ.

ಮೊಲದ ಗೂಡಿನ ಹಾಸನ್ನೆಲ್ಲ ತೆಗೆದು ಸುಡಿ ಅಥವಾ ಚೀಲ ಕಟ್ಟಿ ಮನೆಯಿಂದ ದೂರ ಹಾಕಿ. ಮೊಲವನ್ನು ಬೇರೆಡೆ ಇಟ್ಟು ಗೂಡಿನ ಜಾಲರಿ, ತಟ್ಟೆಗೆ ಕುದಿನೀರು ಹೊಯ್ಯಿರಿ. ಬಚ್ಚಲ ಹಂಡೆಗೆ ಒಲೆ ಹಾಕುವ ಮನೆಗಳಿಗೆ ಇದು ಸುಲಭ. ಮೊಲದ ಬಟ್ಟೆಗಳನ್ನು 60 ಡಿಗ್ರಿ ಬಿಸಿಯಲ್ಲಿ ಒಗೆದು ಅದೇ ಬಚ್ಚಲ ಒಲೆಯ ಮೇಲೆ ಒಣಗಿಸಿ. ಗೂಡಿನ ಸುತ್ತ ದಿನವೂ ಗುಡಿಸಿ, ವಾರಕ್ಕೊಮ್ಮೆ ಮಣೆ, ಪೆಟ್ಟಿಗೆ ಸರಿಸಿ ಅಡಿಯನ್ನೂ ಗುಡಿಸಿ. ಇದು ಎರಡರಿಂದ ಮೂರು ತಿಂಗಳು ನಡೆಯಬೇಕು. ಬೆಕ್ಕು, ನಾಯಿಗೂ ಅದೇ ವಾರ ಅವುಗಳದೇ ಔಷಧಿ ಹಾಕಿಸಿ. ಫಿಪ್ರೊನಿಲ್ ಹಾಕಿದ ನಾಯಿ ಎರಡು ದಿನ ಮೊಲದ ಹತ್ತಿರ ಸುಳಿಯಬಾರದು.

ಗೂಡಿಗೆ ಹೊಸದಾಗಿ ಹಾಸಲು ಬೆಟ್ಟದಿಂದ ಗುಡಿಸಿ ತಂದ ದರಗು, ಅಂದರೆ ಒಣ ಎಲೆ, ಬೇಡ. ಅದರ ಜೊತೆ ಉಣ್ಣೆ ಬರುತ್ತದೆ, ಮತ್ತು ಇದು ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ, ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಪತ್ತೆಯಾದ ಸೀಮೆ. ಒಣಗಿದ ಬೈಹುಲ್ಲು ಹಾಕಿ. ಮೊಲದ ಮೈಮೇಲೆ ಉಣ್ಣೆ ಕಂಡರೆ ಕೈಗವಸು ಹಾಕಿ, ಚಿಮಟದಿಂದ ಚರ್ಮದ ಬುಡಕ್ಕೇ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲಿ ಎಂದು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಮನುಷ್ಯರಿಗೆ, ಅದನ್ನು ಮೊಲಕ್ಕೆ ಸವರಬೇಡಿ.

ಮಳೆಗಾಲದಲ್ಲಿ ಬಾಚುವಾಗಲೇ ಬಾಲದ ಕೆಳಗೂ ನೋಡಿ. ಹೇಲು ಮೆತ್ತಿ ಒದ್ದೆಯಾಗಿದ್ದರೆ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳ ಬೀಳುತ್ತದೆ.

ಹತ್ತು ಹದಿನೈದು ದಿನ ಮನೆ ಮುಚ್ಚಿಟ್ಟು ಬಂದಾಗ ಒಂದು ಎಚ್ಚರ. ನೆಲದ ಬಿರುಕಿನಲ್ಲಿ ತಮ್ಮ ಧೂಳುಗೂಡಿನೊಳಗೆ ಕಾದು ಕೂತ ಚಿಗಟಗಳು ಹೆಜ್ಜೆಯ ಅದುರು, ಮೈಯ ಬಿಸಿ ತಾಗಿದ ಕೂಡಲೇ ಒಮ್ಮೆಲೇ ಹೊರಬೀಳುತ್ತವೆ. ಮೊಲದ ಬುಟ್ಟಿಯನ್ನು ಜಗಲಿಯಲ್ಲೇ ಮೇಜಿನ ಮೇಲಿಟ್ಟು, ಬಿಳಿ ಕಾಲುಚೀಲ ಹಾಕಿಕೊಂಡು ಒಳಗೆಲ್ಲ ಎರಡು ಸುತ್ತು ಓಡಾಡಿ. ಕಾಲುಚೀಲದ ಮೇಲೆ ಕರಿ ಚುಕ್ಕೆ ಹಾರಿದರೆ ಗುಡಿಸಿ, ಬಿಸಿನೀರಲ್ಲಿ ಒರೆಸಿ, ಆಮೇಲೆ ಮೊಲವನ್ನು ಒಳಗೆ ತನ್ನಿ.