ದಾರಿವಾರು ತಂಡ ಮತ್ತು ಸೋಗೆ ತಟ್ಟಿ: ಕೋವಿಡ್ ಕಾಲದಲ್ಲಿ ನಮ್ಮ ಶಾಲೆ ತೆರೆದ ಬಗೆ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕ. 2021ರಲ್ಲಿ ಎರಡನೇ ಅಲೆ ಇಳಿದ ಮೇಲೆ ರಾಜ್ಯದಲ್ಲಿ ಸೆಪ್ಟೆಂಬರ್ 6ರಂದು 6ರಿಂದ 8ನೇ ತರಗತಿಗಳೂ ಅಕ್ಟೋಬರ್ 25ರಂದು 1ರಿಂದ 5ನೇ ತರಗತಿಗಳೂ ಆರಂಭವಾದಾಗ, ನಾವು ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸದೆ ಅವರು ಮನೆಯಿಂದ ನಡೆದು ಬರುವ ದಾರಿಯ ಪ್ರಕಾರ ಕೂರಿಸಿದೆವು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಈ ಯೋಜನೆಯನ್ನು ಮುಂದಿಟ್ಟಾಗ ಒಪ್ಪಿದವರು ಒಬ್ಬರೂ ಇರಲಿಲ್ಲ. ತರಗತಿ ಒಡೆದರೆ ಪಾಠ ಯೋಜನೆಯ ಗತಿಯೇನು, ಹಾಜರಿ ಹೇಗೆ, ಮೇಲಿನವರು ಭೇಟಿಗೆ ಬಂದರೆ ಉತ್ತರ ಕೊಡುವವರು ಯಾರು ಎಂದು ಅನುಭವಿ ಸಹೋದ್ಯೋಗಿಗಳೇ ಕೇಳಿದರು. 2022ರ ಜನವರಿಯಲ್ಲಿ ಮೂರನೇ ಅಲೆ ಬಂದು ಸುತ್ತಲಿನ ಶಾಲೆಗಳು ವಾರಗಟ್ಟಲೆ ಮುಚ್ಚಿದಾಗಲೂ ನಮ್ಮ ಶಾಲೆಗೆ ಪೂರ್ತಿ ಬೀಗ ಬೀಳಲಿಲ್ಲ. ಅಂದು ಕೇಳಿದವರೇ ಇಂದು ವಿವರ ಕೇಳುತ್ತಿರುವುದರಿಂದ ನೆನಪಿರುವಷ್ಟನ್ನು ಬರೆದಿಡುತ್ತಿದ್ದೇನೆ.

ದಾರಿಯ ಯೋಚನೆ ಹುಟ್ಟಿದ್ದು 2020ರಲ್ಲಿ, ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡಿದ ವಿದ್ಯಾಗಮದಲ್ಲಿ. ಆಗ ದೇವಸ್ಥಾನದ ಅಂಗಳದಲ್ಲಿ, ಅಡಿಕೆ ಒಣಗಿಸುವ ಚಪ್ಪರದಡಿ ಪಾಠ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ಒಂದು ಹಳ್ಳಿಯ ಮಕ್ಕಳು ಶಾಲೆ ಇರಲಿ ಬಿಡಲಿ, ಬೆಳಗಿನಿಂದ ಸಂಜೆಯವರೆಗೆ ಒಟ್ಟಿಗೇ ಇರುತ್ತಾರೆ. ಸೋಂಕು ಬಂದರೆ ಅವರವರಲ್ಲಿ ಅದು ಹೇಗೂ ಹರಡುತ್ತದೆ. ಶಾಲೆ ಮಾಡಬಾರದ್ದೆಂದರೆ ಒಂದು ಹಳ್ಳಿಯ ಸೋಂಕನ್ನು ಇನ್ನೊಂದು ಹಳ್ಳಿಗೆ ದಾಟಿಸುವುದು. ತರಗತಿವಾರು ಕೂರಿಸಿದರೆ ಅದನ್ನೇ ಮಾಡಿದಂತಾಗುತ್ತದೆ, ಏಕೆಂದರೆ ಐದನೇ ತರಗತಿಯ ಒಂದೇ ಬೆಂಚಿನಲ್ಲಿ ನಾಲ್ಕು ಹಳ್ಳಿಯ ಮಕ್ಕಳು ಕೂತಿರುತ್ತಾರೆ, ಸಂಜೆ ನಾಲ್ಕು ಮನೆಗೆ ಹೋಗುತ್ತಾರೆ, ಅವರ ತಮ್ಮ ತಂಗಿಯರು ಮರುದಿನ ಬೇರೆ ನಾಲ್ಕು ಕೊಠಡಿಗಳಲ್ಲಿ ಕೂರುತ್ತಾರೆ.

ಹಾಗೆಂದು ಕೇರಿವಾರು ತಂಡ ಮಾಡುವುದು ನನಗೆ ಮೊದಲಿನಿಂದಲೂ ಒಪ್ಪಿಗೆ ಇರಲಿಲ್ಲ. ನಮ್ಮ ಕಡೆ ಕೇರಿ ಎಂದರೆ ಜಾತಿ. ಸೋಂಕಿನ ನೆಪದಲ್ಲಿ ಒಂದು ಕೇರಿಯ ಮಕ್ಕಳನ್ನು ಒಂದು ಕೊಠಡಿಗೆ ಸೇರಿಸಿದರೆ, ಸರ್ಕಾರಿ ಶಾಲೆ ಇಷ್ಟು ವರ್ಷ ಪಟ್ಟ ಪಾಡು ನೀರಿನಲ್ಲಿ ಹೋಮವಾಗುತ್ತಿತ್ತು. ಆದ್ದರಿಂದ ಕೇರಿಯನ್ನು ಬಿಟ್ಟು ದಾರಿಯನ್ನು ಹಿಡಿದೆವು. ಮಲೆನಾಡಿನಲ್ಲಿ ಮನೆಗಳು ಚದುರಿರುವುದರಿಂದ ಶಾಲೆಗೆ ಬರುವ ಒಂದು ದಾರಿ ಗದ್ದೆಯಂಚಿನ ಮನೆ, ತೋಟದ ಮನೆ, ಗುಡ್ಡದ ಮೇಲಿನ ಮನೆ ಎಲ್ಲವನ್ನೂ ಮುಟ್ಟಿಕೊಂಡು ಬರುತ್ತದೆ, ಎರಡು ಮೂರು ಕಿಲೋಮೀಟರ್ ನಡೆಯುವ ಮಕ್ಕಳು ಜಾತಿ ನೋಡದೆ ಗುಂಪಾಗಿ ಬರುತ್ತಾರೆ. ನಮ್ಮ ಸುಮಾರು 130 ಮಕ್ಕಳಿಗೆ ಇಂಥ ನಾಲ್ಕು ದಾರಿಗಳು ಸಿಕ್ಕವು. ಒಂದರಲ್ಲಿ ಮಾತ್ರ ಒಂದೇ ಸಮುದಾಯದ ಮಕ್ಕಳು ಹೆಚ್ಚಾಗಿದ್ದರು. ಅಲ್ಲಿ ಎರಡು ಕವಲುಗಳನ್ನು ಹೇಗೆ ಜೋಡಿಸಿದೆವು, ಅದಕ್ಕೆ ಊರ ಹಿರಿಯರಿಂದ ತಕರಾರು ಏಳದಂತೆ ಹೇಗೆ ನೋಡಿಕೊಂಡೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಖತಃ ಕೇಳಿದವರಿಗೆ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಆರಂಭದಲ್ಲಿ ಅರ್ಧದಷ್ಟು ಮಕ್ಕಳನ್ನು ದಿನ ಬಿಟ್ಟು ದಿನ ಕರೆಸಬೇಕೆಂಬ ಸೂಚನೆ ಇತ್ತು. ಬೇರೆ ಶಾಲೆಗಳು ಹಾಜರಿ ಪುಸ್ತಕದ ಕ್ರಮಸಂಖ್ಯೆ ನೋಡಿ ಅರ್ಧ ಮಾಡಿದವು. ಹಾಗಾದಾಗ ಅಕ್ಕ ಇಂದು, ತಮ್ಮ ನಾಳೆ ಎಂಬಂತಾಗಿ ಕೂಲಿಗೆ ಹೋಗುವ ಪೋಷಕರು ಇಬ್ಬರನ್ನೂ ಮನೆಯಲ್ಲೇ ಉಳಿಸಿಕೊಂಡದ್ದುಂಟು. ನಮ್ಮಲ್ಲಿ ಎರಡು ದಾರಿ ಒಂದು ದಿನ, ಉಳಿದೆರಡು ದಾರಿ ಮರುದಿನ. ಒಂದು ಮನೆಯ ಮಕ್ಕಳೆಲ್ಲ ಒಟ್ಟಿಗೆ ಬಂದರು, ಒಟ್ಟಿಗೆ ಹೋದರು. ಒಪ್ಪಿಗೆ ಪತ್ರಗಳು ಬೇಗ ಬಂದದ್ದಕ್ಕೆ ಇದೇ ಮುಖ್ಯ ಕಾರಣ ಎಂದು ನನ್ನ ನಂಬಿಕೆ.

ಇನ್ನು ಖರ್ಚಿನ ವಿಷಯ. ನಮ್ಮಷ್ಟು ದಾಖಲಾತಿಗೆ ಆಗ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ವರ್ಷಕ್ಕೆ 50,000 ರೂಪಾಯಿ ಇತ್ತು. ಆ ವರ್ಷ ನಮ್ಮ ಕೈಸೇರುವ ಹೊತ್ತಿಗೆ ತಡವಾಗಿತ್ತು, ಬಂದದ್ದೂ ಪೂರ್ತಿಯಾಗಿರಲಿಲ್ಲ. ಇರುವ ಹಣದಲ್ಲಿ ಮೊದಲು ಎಲ್ಲರೂ ಕೊಂಡದ್ದನ್ನೇ ನಾವೂ ಕೊಂಡೆವು. ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡಿಗೆ ಸುಮಾರು 2,000 ರೂಪಾಯಿ ಕೊಟ್ಟೆವು, ಕೆಲವೇ ವಾರಗಳಲ್ಲಿ ಅದರ ಸ್ಪ್ರಿಂಗ್ ಹೋಯಿತು. ಥರ್ಮಲ್ ಸ್ಕ್ಯಾನರ್ ಎರಡು ತಂದೆವು. ಮಳೆಯಲ್ಲಿ ನೆನೆದು ನಡೆದು ಬಂದ ಮಕ್ಕಳ ಹಣೆ ತಣ್ಣಗಿರುವುದರಿಂದ ಅದು 34, 35 ಡಿಗ್ರಿ ತೋರಿಸುತ್ತಿತ್ತು. ಜ್ವರವಿದ್ದ ಮಗುವನ್ನೂ ಅದು ಒಳಗೆ ಬಿಡುವುದು ಖಚಿತವಾದ ಮೇಲೆ, ಮಕ್ಕಳನ್ನು ಜಗಲಿಯಲ್ಲಿ ಹತ್ತು ಹದಿನೈದು ನಿಮಿಷ ಕೂರಿಸಿ, ಹಣೆ ಒರೆಸಿ, ಆಮೇಲೆ ನೋಡುವ ಪದ್ಧತಿ ಮಾಡಿದೆವು. ಅದಕ್ಕಿಂತ ಫಲ ಕೊಟ್ಟದ್ದು ಪ್ರತಿ ದಾರಿಯಲ್ಲಿ ಒಬ್ಬ ತಾಯಿಗೆ ವಹಿಸಿದ ಹೊಣೆ. ಯಾವ ಮನೆಯಲ್ಲಿ ಯಾರು ಕೆಮ್ಮಿದರು, ಯಾರು ಮಲಗಿದರು ಎಂಬುದು ಮಕ್ಕಳು ಹೊರಡುವ ಮೊದಲೇ ಫೋನಿನಲ್ಲಿ ನನಗೆ ತಿಳಿಯುತ್ತಿತ್ತು. ಆಶಾ ಕಾರ್ಯಕರ್ತೆಯೂ ಅದೇ ತಾಯಂದಿರನ್ನು ನೆಚ್ಚಿದರು.

ಸೋಂಕು ನಿವಾರಕ ಸಿಂಪಡಣೆಗೆ ಅಡಿಕೆಗೆ ಬೋರ್ಡೊ ಔಷಧಿ ಹೊಡೆಯುವ ಪಂಪನ್ನೇ ಊರವರು ತಂದುಕೊಟ್ಟರು. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನು ಸೋಸಿ, ಹೈಪೋಕ್ಲೋರೈಟ್ ದ್ರಾವಣ ಮಾಡಿಕೊಂಡು ಗೋಡೆ, ಬೆಂಚು, ನೆಲಕ್ಕೆಲ್ಲ ಹೊಡೆದೆವು. ಮರುದಿನ ಮಕ್ಕಳ ಕಣ್ಣು ಉರಿಯಿತು, ಬೆಂಚಿನ ಕಬ್ಬಿಣ ತುಕ್ಕು ಹಿಡಿಯಿತು. ಸೋಂಕು ಮುಖ್ಯವಾಗಿ ಉಸಿರಿನ ಮೂಲಕ, ಗಾಳಿಯಲ್ಲಿ ಬರುತ್ತದೆ ಎಂದು ಆ ಹೊತ್ತಿಗಾಗಲೇ ಸ್ಪಷ್ಟವಾಗಿತ್ತು, ನೆಲ ತೊಳೆಯುವುದಕ್ಕೆ ಸುರಿಯುವ ಹಣವನ್ನು ಕೊಠಡಿಯಲ್ಲಿ ಗಾಳಿಯಾಡಿಸುವುದಕ್ಕೆ ಹಾಕಬೇಕೆಂದು ನಾನು ಪಟ್ಟು ಹಿಡಿದೆ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಈ ಮಾತಿಗೆ ದೊಡ್ಡ ವಿರೋಧ ಬಂತು, ಏಕೆಂದರೆ ಸಿಂಪಡಣೆ ಕಣ್ಣಿಗೆ ಕಾಣುತ್ತದೆ, ಗಾಳಿ ಕಾಣುವುದಿಲ್ಲ.

ಗಾಳಿಯನ್ನು ಕಾಣಿಸಲು ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ತರಿಸಿದೆ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಮೊದಲು ತಮ್ಮದನ್ನು ಕೊಟ್ಟರು, ಆಮೇಲೆ ನಾನೇ ಸುಮಾರು 4,500 ರೂಪಾಯಿಗೆ ಒಂದನ್ನು ಕೊಂಡೆ. ಉಸಿರು ಬಿಟ್ಟಷ್ಟೂ ಕೊಠಡಿಯಲ್ಲಿ ಈ ಅನಿಲ ಏರುತ್ತದೆ. ಎಷ್ಟು ಏರಿತು ಎಂಬುದರ ಮೇಲೆ ಮಕ್ಕಳು ಒಬ್ಬರ ಉಸಿರನ್ನು ಇನ್ನೊಬ್ಬರು ಎಷ್ಟು ಸೇದುತ್ತಿದ್ದಾರೆ ಎಂದು ಅಂದಾಜು ಸಿಗುತ್ತದೆ. ನಮ್ಮ ಅಂಗಳದಲ್ಲಿ ಅದು 410, 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ತೋರಿಸಿತು. ಹಳೆಯ ಹೆಂಚಿನ ಕೊಠಡಿಯಲ್ಲಿ ಇಪ್ಪತ್ತು ಮಕ್ಕಳು ಕೂತು ಪಾಠ ಮುಗಿದಾಗಲೂ 800ರ ಒಳಗೇ ಇತ್ತು, ಏಕೆಂದರೆ ಗೋಡೆಗೂ ಮಾಡಿಗೂ ನಡುವೆ ಅಂಗೈ ಅಗಲದ ಸಂದಿ ಇದೆ, ಹೆಂಚಿನ ಸಂದುಗಳಲ್ಲೂ ಬಿಸಿ ಗಾಳಿ ಮೇಲೆದ್ದು ಹೋಗುತ್ತದೆ. ಎಲ್ಲರೂ ಮೆಚ್ಚುವ ಹೊಸ ಆರ್‌ಸಿಸಿ ಕೊಠಡಿಯಲ್ಲಿ ಅಷ್ಟೇ ಮಕ್ಕಳು ಕಿಟಕಿ ಹಾಕಿಕೊಂಡು ಕೂತರೆ ನಲವತ್ತು ನಿಮಿಷದೊಳಗೆ ಅಂಕೆ 1,500 ದಾಟಿತು. ಎಸ್‌ಡಿಎಂಸಿ ಸದಸ್ಯರನ್ನು ಎರಡೂ ಕೊಠಡಿಗಳಲ್ಲಿ ಕೂರಿಸಿ ಮೀಟರನ್ನು ಅವರ ಕೈಗೇ ಕೊಟ್ಟೆ. ಸಿಂಪಡಣೆಯ ಮಾತು ಅಂದಿಗೆ ನಿಂತಿತು.

ಕಿಟಕಿ ತೆಗೆದಿಡಿ ಎನ್ನುವುದು ಸುಲಭ, ಆದರೆ ಸೆಪ್ಟೆಂಬರಿನಲ್ಲೂ ಜಡಿ ಹಿಡಿಯುವ ನಮ್ಮ ಊರಿನಲ್ಲಿ ಎರಚಲು ನೇರವಾಗಿ ಮಕ್ಕಳ ಪುಸ್ತಕದ ಮೇಲೆ ಬೀಳುತ್ತದೆ. ಮೊದಲು ಹಳೆಯ ಟೇಬಲ್ ಫ್ಯಾನನ್ನು ಕಿಟಕಿಗೆ ಕಟ್ಟಿ ಹೊರಮುಖವಾಗಿ ತಿರುಗಿಸಿದೆವು. ಅಂಕೆ 900ರ ಆಸುಪಾಸಿಗೆ ಇಳಿಯಿತು, ಆದರೆ ಮಳೆ ಬಂದಾಗಲೇ ಕರೆಂಟ್ ಹೋಗುತ್ತಿದ್ದುದರಿಂದ ಬೇಕಾದಾಗ ಫ್ಯಾನ್ ತಿರುಗಲಿಲ್ಲ. ಟಾರ್ಪಾಲು ಕಟ್ಟಿದೆವು, ಅದು ಮಳೆಯ ಜೊತೆಗೆ ಗಾಳಿಯನ್ನೂ ತಡೆಯಿತು, ಪಟಪಟ ಬಡಿದು ಪಾಠ ಕೇಳಿಸದಂತೆ ಮಾಡಿತು. ಕೊನೆಗೆ ಕೈಹಿಡಿದದ್ದು ನಮ್ಮ ಹಿರಿಯರು ಮಳೆಗಾಲಕ್ಕೆ ಜಗಲಿಗೆ ಕಟ್ಟುತ್ತಿದ್ದ ಸೋಗೆ ತಟ್ಟಿ, ಅಂದರೆ ಅಡಿಕೆ ಗರಿಯ ಪರದೆ. ಅಡಿಕೆ ಮರ ಸೀಳಿದ ದಬ್ಬೆಯ ಚೌಕಟ್ಟಿಗೆ ಸೋಗೆಯನ್ನು ಒತ್ತಾಗಿ ಹೆಣೆದು, ಕಿಟಕಿಯ ಮೇಲಂಚಿಗೆ ಕಟ್ಟಿ, ಕೆಳಗಂಚನ್ನು ಗೋಡೆಯಿಂದ ಎರಡು ಅಡಿಯಷ್ಟು ಹೊರಗೆ ಚಾಚಿ ಗೂಟಕ್ಕೆ ಬಿಗಿದೆವು. ನೀರು ಸೋಗೆಯ ಮೇಲೆ ಜಾರಿ ಹೋಗುತ್ತದೆ, ಗಾಳಿ ಕೆಳಗಿನಿಂದಲೂ ಬದಿಯಿಂದಲೂ ಒಳಬರುತ್ತದೆ. ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆಂದು ನೋಡಿ ತಟ್ಟಿಯ ಓರೆಯನ್ನು ಬದಲಿಸುತ್ತ ಹೋದೆವು. ಗಾಳಿ ಬರುವ ಬದಿಯ ಓರೆ ಒಂದು, ಹೋಗುವ ಬದಿಯ ಓರೆ ಇನ್ನೊಂದು. ಆ ಅಳತೆ ಪ್ರತಿ ಕಟ್ಟಡಕ್ಕೂ ಬೇರೆಯಾಗುವುದರಿಂದ ನಮ್ಮದನ್ನು ಹೇಳಿ ಪ್ರಯೋಜನವಿಲ್ಲ. ಅದೇ ಆರ್‌ಸಿಸಿ ಕೊಠಡಿ ಮಳೆಯಲ್ಲೂ 850ನ್ನು ದಾಟದಂತೆ ನಿಂತಿತು. ಸೋಗೆ, ದಬ್ಬೆಗಳನ್ನು ತೋಟದವರು ಉಚಿತವಾಗಿ ಕೊಟ್ಟರು, ಇಬ್ಬರು ಆಳಿನ ಕೂಲಿ, ಹಗ್ಗ ಸೇರಿ ಇಡೀ ಶಾಲೆಗೆ 3,000 ರೂಪಾಯಿ ಮುಟ್ಟಿರಲಿಕ್ಕಿಲ್ಲ.

ಮಾಸ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ತ್ರೀಶಕ್ತಿ ಸಂಘದವರು ಬಟ್ಟೆಯ ಮಾಸ್ಕನ್ನು ಹತ್ತು ಹನ್ನೆರಡು ರೂಪಾಯಿಗೆ ಹೊಲಿದುಕೊಟ್ಟರು, ದಾರಿಯಲ್ಲಿ ಒದ್ದೆಯಾದದ್ದನ್ನು ಬದಲಿಸಲು ಪ್ರತಿ ಮಗುವಿಗೆ ಇನ್ನೊಂದನ್ನು ಶಾಲೆಯಲ್ಲೇ ಇಟ್ಟೆವು. ಬಿಸಿಯೂಟ ಮತ್ತೆ ಶುರುವಾದ ಮೇಲೆ ಅಡುಗೆ ಕೋಣೆಯ ಒಲೆಯ ಮೇಲಿನ ಹಗ್ಗದಲ್ಲಿ ಅವು ಒಣಗಿದವು. ಊಟಕ್ಕೆ ಮಾಸ್ಕ್ ತೆಗೆಯಲೇಬೇಕಾದ್ದರಿಂದ ಊಟವನ್ನು ಕೊಠಡಿಯೊಳಗೆ ಒಂದು ದಿನವೂ ಬಡಿಸಲಿಲ್ಲ. ಪ್ರತಿ ತಂಡ ತನ್ನ ಜಗಲಿಯಲ್ಲಿ, ಅಂಗಳಕ್ಕೆ ಮುಖ ಮಾಡಿ, ಒಂದೇ ಸಾಲಿನಲ್ಲಿ ಕೂತು ಉಂಡಿತು. ಪ್ರಾರ್ಥನೆ, ಪದ್ಯದ ರಾಗ ಎಲ್ಲವೂ ಹೊರಗೆ.

ಪಾಠದ ಕಷ್ಟ ನಿಜವಾದದ್ದು. 1ರಿಂದ 3ನೇ ತರಗತಿಯವರಿಗೆ ಒಟ್ಟಿಗೆ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಪಾಠ ಮಾಡಿದವರಿಗೆ ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸುವುದು ಹೊಸದಲ್ಲ, ಆದರೆ ಏಳು ತರಗತಿಗಳ ಮಕ್ಕಳಿರುವ ತಂಡಕ್ಕೆ ಗಣಿತ ಹೇಳುವುದು ಬೇರೆಯೇ ಕೆಲಸ. ನಾಲ್ವರು ಶಿಕ್ಷಕರು ನಾಲ್ಕು ತಂಡಗಳಿಗೆ ನಿಂತರು. ಗಣಿತ, ವಿಜ್ಞಾನದ ಶಿಕ್ಷಕಿ ಎಲ್ಲ ತಂಡಗಳಿಗೂ ಹೋಗಬೇಕಾದ್ದರಿಂದ, ಅವರ ಮೂಲಕ ತಂಡದಿಂದ ತಂಡಕ್ಕೆ ಸೋಂಕು ದಾಟದಂತೆ, ಅವರು ಕೊಠಡಿಯೊಳಗೆ ಕಾಲಿಡದೆ ಬಾಗಿಲಲ್ಲಿ ಕಪ್ಪುಹಲಗೆ ನಿಲ್ಲಿಸಿಕೊಂಡು ಜಗಲಿಯಿಂದಲೇ ಪಾಠ ಮಾಡಿದರು. ದಿನಕ್ಕೆ ಎರಡು ತಂಡ ಬರುತ್ತಿದ್ದಾಗ ಒಂದೇ ಪಾಠವನ್ನು ಎರಡು ಸಲ ಹೇಳಿದರು, ಎಲ್ಲರೂ ಬರತೊಡಗಿದ ಮೇಲೆ ನಾಲ್ಕು ಸಲ ಹೇಳುವುದು ಅಸಾಧ್ಯವಾಗಿ ವಾರಕ್ಕೊಂದು ಅಭ್ಯಾಸ ಹಾಳೆಯ ಮೊರೆ ಹೋದೆವು. ಜೆರಾಕ್ಸಿಗೆ ತಿಂಗಳಿಗೆ 700, 800 ರೂಪಾಯಿ ಹೋಗುತ್ತಿತ್ತು, ಅದು ಯಾವ ಲೆಕ್ಕಕ್ಕೂ ಸೇರದೆ ನಾವೇ ಹಂಚಿಕೊಂಡೆವು. ಇಲಾಖೆಯ ವಿದ್ಯಾರ್ಥಿ ಮಾಹಿತಿ ತಂತ್ರಾಂಶವಾದ ಎಸ್‌ಎಟಿಎಸ್‌ಗಾಗಿ ತರಗತಿವಾರು ಹಾಜರಿ, ನಮಗಾಗಿ ದಾರಿವಾರು ಹಾಜರಿ ಎಂದು ಎರಡು ಪುಸ್ತಕ ಇಟ್ಟೆವು. ಭೇಟಿಗೆ ಬಂದವರು ಎರಡನ್ನೂ ನೋಡಿ ಸಹಿ ಹಾಕಿ ಹೋದರು.

ಮಿಶ್ರ ತಂಡದಿಂದ ಆದ ಲಾಭವನ್ನು ನಾನೂ ನಿರೀಕ್ಷಿಸಿರಲಿಲ್ಲ. 2020ರ ಜೂನಿನಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಕ್ಕಳು ಮೊದಲ ಬಾರಿಗೆ ಕ್ರಮವಾಗಿ ಶಾಲೆಯೊಳಗೆ ಕೂತದ್ದು 2021ರ ಅಕ್ಟೋಬರ್ ಕೊನೆಗೆ, ಎರಡನೇ ತರಗತಿಯ ನಡುವಿನಲ್ಲಿ. ಅವರಿಗೆ ಪೆನ್ಸಿಲ್ ಹಿಡಿಯಲೂ ಬರುತ್ತಿರಲಿಲ್ಲ, ಅಳುತ್ತಿದ್ದರು. ದಾರಿಯುದ್ದಕ್ಕೂ ಕೈಹಿಡಿದು ಕರೆತಂದ ಅಕ್ಕ ಅದೇ ಕೊಠಡಿಯಲ್ಲಿ ಪಕ್ಕದಲ್ಲೇ ಇದ್ದುದರಿಂದ ಅಳು ಬೇಗ ನಿಂತಿತು. ಏಳನೇ ತರಗತಿಯ ಹುಡುಗಿಯೊಬ್ಬಳು ತಮ್ಮನ ಸ್ಲೇಟಿನ ಮೇಲೆ ‘ರ, ಗ, ಸ, ದ, ಅ’ ಬರೆದು, ಬೆರಳು ಹಿಡಿದು ತಿದ್ದಿಸುತ್ತಿದ್ದಳು. ಆ ತಂಡದ ಚಿಕ್ಕವರು ಉಳಿದ ಮೂರು ತಂಡಗಳಿಗಿಂತ ಮೊದಲೇ ಓದತೊಡಗಿದರು.

ಜನವರಿಯ ಮೂರನೇ ಅಲೆಯ ಪರೀಕ್ಷೆಯಲ್ಲಿ ನಮ್ಮ ವ್ಯವಸ್ಥೆ ಗಟ್ಟಿಯಾಗಿ ನಿಂತಿತು. ಕೆರೆ ಕಡೆಯ ದಾರಿಯ ಇಬ್ಬರು ಮಕ್ಕಳಿಗೆ ಪಾಸಿಟಿವ್ ಬಂದಿದೆ ಎಂದು ಆ ದಾರಿಯ ತಾಯಿ ಬೆಳಿಗ್ಗೆಯೇ ತಿಳಿಸಿದರು. ಆ ಒಂದು ತಂಡ ಮತ್ತು ಅದರ ಶಿಕ್ಷಕರು ಒಂದು ವಾರ ಮನೆಯಲ್ಲಿ ಉಳಿದರು, ಅಭ್ಯಾಸ ಹಾಳೆಗಳು ಅಲ್ಲಿಗೇ ಹೋದವು, ಉಳಿದ ಮೂರು ದಾರಿಯವರಿಗೆ ಪಾಠ ನಡೆಯಿತು. ಆ ತಂಡದಲ್ಲಿ ಇನ್ನೂ ನಾಲ್ಕೈದು ಮಕ್ಕಳಿಗೆ ಜ್ವರ ಬಂತು, ಬೇರೆ ತಂಡಗಳಲ್ಲಿ ಆ ತಿಂಗಳು ಒಬ್ಬರಿಗೂ ಪಾಸಿಟಿವ್ ಬರಲಿಲ್ಲ.

ಒಟ್ಟು ಖರ್ಚು ಸುಮಾರು 24,000 ರೂಪಾಯಿ ಆಗಿರಬೇಕು, ಅದರಲ್ಲಿ ಮೂರನೇ ಒಂದು ಭಾಗ ಮೊದಲು ಕೊಂಡು ಮೂಲೆ ಸೇರಿದ ವಸ್ತುಗಳದ್ದು. ಈ ಪದ್ಧತಿ ಎಲ್ಲ ಶಾಲೆಗೂ ಹೊಂದುತ್ತದೆಂದು ನಾನು ಹೇಳುವುದಿಲ್ಲ. ಶಿಕ್ಷಕರು ಮೂವರಿಗಿಂತ ಕಡಿಮೆ ಇದ್ದರೆ ಮಾಡಲಾಗದು. ಪೇಟೆಯ ಶಾಲೆಗಳಲ್ಲಿ ಮಕ್ಕಳು ವ್ಯಾನಿನಲ್ಲಿ ಬರುತ್ತಾರೆ, ಅಲ್ಲಿ ಒಂದು ವ್ಯಾನಿನಲ್ಲಿ ಬಂದವರನ್ನೇ ಒಂದು ತಂಡ ಮಾಡಿ, ಮೊದಲು ವ್ಯಾನಿನ ಗಾಜು ಇಳಿಸಿ ಮೀಟರ್ ಇಟ್ಟು ನೋಡಬೇಕು. ನಾನು ಒಮ್ಮೆ ಗಾಜು ಏರಿಸಿದ್ದ ವ್ಯಾನಿನಲ್ಲಿ ಇಟ್ಟು ನೋಡಿದಾಗ ಹೊಸನಗರ ಪೇಟೆ ಮುಟ್ಟುವ ಮೊದಲೇ ಅಂಕೆ 3,000 ದಾಟಿತ್ತು.