ಚಂಡೀಗಢದ ರಾಕ್ ಗಾರ್ಡನ್: ನೋಡುವ ಬಗೆ

ಸೆಕ್ಟರ್ 1ರಲ್ಲಿ, ಸುಖನಾ ಕೆರೆಗೂ ವಿಧಾನಸಭೆ, ಹೈಕೋರ್ಟ್‌ಗಳಿರುವ ಕ್ಯಾಪಿಟಲ್ ಕಾಂಪ್ಲೆಕ್ಸ್‌ಗೂ ನಡುವೆ, ಕಲ್ಲು ಮತ್ತು ಬಿಸಾಡಿದ ವಸ್ತುಗಳಿಂದ ಕಟ್ಟಿದ ಈ ಶಿಲ್ಪತೋಟವಿದೆ. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ 1957ರ ಸುಮಾರಿಗೆ ಗುಟ್ಟಾಗಿ ಕಟ್ಟಲು ಶುರುಮಾಡಿದರು. ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು 1975ರಲ್ಲಿ, ಜನರಿಗೆ ತೆರೆದದ್ದು 1976ರಲ್ಲಿ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹೋಗಿ. ವಾರದ ದಿನ, ಬಾಗಿಲು ತೆರೆಯುವ ಹೊತ್ತಿಗೇ ತಲುಪಿದರೆ ಇಕ್ಕಟ್ಟಿನ ದಾರಿಗಳಲ್ಲಿ ನೂಕುನುಗ್ಗಲಿರದು. ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಬಾಗಿಲುಗಳು ತೀರಾ ಕುಳ್ಳು. ಎತ್ತರದವರು ತಲೆ ಬಗ್ಗಿಸದಿದ್ದರೆ ಪೆಟ್ಟು ಖಾತ್ರಿ. ಮೆಟ್ಟಿಲು ಏರುಪೇರಾಗಿರುವುದರಿಂದ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಕಷ್ಟ. ಮಳೆಗಾಲದಲ್ಲಿ ಪಾಚಿ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಬೇಕು.

ಬಹಳ ಜನ ಎಡವುವುದು ಆರಂಭದಲ್ಲೇ: ಜಲಪಾತದ ಫೋಟೋಕ್ಕೆ ಓಡಿ, ಮೊದಲ ಅಂಗಳಗಳ ಬರಿಗಲ್ಲುಗಳನ್ನು ದಾಟಿಬಿಡುತ್ತಾರೆ. ಕೆತ್ತದ ಕಲ್ಲುಗಳವು, ಹೊಳೆಪಾತ್ರಗಳಿಂದ ಆರಿಸಿ ತಂದವು. ಅಲ್ಲಿ ನಿಂತು ಒಂದೊಂದಕ್ಕೂ ಹಕ್ಕಿಯೋ ಮನುಷ್ಯನೋ ಎಂದು ಹೆಸರಿಡಿ, ಆಗ ಮುಂದಿನದೆಲ್ಲ ಅರ್ಥವಾಗುತ್ತದೆ. ಮುಂದೆ ಸಾಲಾಗಿ ನಿಂತ ಗೊಂಬೆಗಳ ಹತ್ತಿರ ಕುಕ್ಕರಗಾಲಲ್ಲಿ ಕೂತು ಅವುಗಳ ಮೈ ಗಮನಿಸಿ: ಒಡೆದ ಬಳೆ, ಪಿಂಗಾಣಿ ಚೂರು. ಒಳಗೆ ಕಬ್ಬಿಣ, ಮೇಲೆ ಸಿಮೆಂಟು. ಗೋಡೆಗಳಲ್ಲಿ ವಿದ್ಯುತ್ ತಂತಿಗಳಿಗೆ ಬಳಸುವ ಹಳೆಯ ಪಿಂಗಾಣಿ ಇನ್ಸುಲೇಟರ್‌ಗಳನ್ನು ಹುಡುಕಿ.

ಮುಟ್ಟಬೇಡಿ. ಬಳೆಚೂರು ಬೆರಳು ಕೊಯ್ಯುತ್ತದೆ. ಮೇಲಾಗಿ ಚೂರು ಉದುರಿ ಬಿರುಕು ಬಿಟ್ಟಲ್ಲಿ ನೀರಿಳಿದು ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಸಿಮೆಂಟೇ ಸೀಳುತ್ತದೆ.

ತೋಟದ ಕೊನೆಯ ಭಾಗವಾದ ಮೂರನೇ ಹಂತದ ಉಯ್ಯಾಲೆ, ವಿಕಾರ ಕನ್ನಡಿಗಳು ಮಕ್ಕಳಿಗೆ. ದಣಿದಿದ್ದರೆ ಅವನ್ನು ಬಿಟ್ಟು ಸುಖನಾ ದಂಡೆಗೆ ನಡೆಯಿರಿ.