ಪಾರ್ಕ್ ಜಾಗ ಉಳಿಸಬೇಕೆ? ಮೆಂಬರ್ ಕೈಗೆ ಮೊದಲು ನಕ್ಷೆ ಕೊಡಿ

ಬಳ್ಳಾರಿಯಲ್ಲಿ ಖಾಲಿ ಜಾಗವನ್ನು ಮೊದಲು ಹಿಡಿಯುವುದು ಜಾಲಿ. ಆಮೇಲೆ ಮನುಷ್ಯರು. ನಮ್ಮ ಬಡಾವಣೆಯ ಮೂಲೆಯಲ್ಲೂ ಹಾಗೇ ಆಯಿತು. ಎಷ್ಟೋ ವರ್ಷ ಅಲ್ಲಿ ಆಳೆತ್ತರದ ಬಳ್ಳಾರಿ ಜಾಲಿ ಬೆಳೆದಿತ್ತು. ಅದರ ನೆರಳಲ್ಲಿ ಹಂದಿಗಳು ಮಲಗುತ್ತಿದ್ದವು. ನಾವು ಹರಿದ ಹಾಸಿಗೆ, ಒಡೆದ ಕಮೋಡು ತಂದು ಎಸೆಯುತ್ತಿದ್ದೆವು. ಒಂದು ಸೋಮವಾರ ಬೆಳಿಗ್ಗೆ ಹಾಲು ತರಲು ಹೋದರೆ ಜಾಲಿ ಮಾಯ. ನೆಲದ ಮೇಲೆ ನೀಟಾಗಿ ಸುಣ್ಣದ ಗೆರೆ, ಪಕ್ಕದಲ್ಲಿ ಎರಡು ಟ್ರಿಪ್ ಜಲ್ಲಿ. ಆಗ ಎಲ್ಲರಿಗೂ ನೆನಪಾಯಿತು: 'ಅದು ಪಾರ್ಕ್ ಜಾಗ ಅಲ್ವಾ?'

ಹತ್ತು ಜನ ಸೇರಿ ಮೆಂಬರ್ ಮನೆಗೆ ಹೋದೆವು. ಕಾರ್ಪೊರೇಟರ್ ಅಂತ ಪೇಪರಿನಲ್ಲಿ ಬರೆದರೂ ನಮ್ಮ ಕಡೆ ಅವರು ಮೆಂಬರ್ರೇ. ಅವರು ಎಲ್ಲ ಕೇಳಿಸಿಕೊಂಡು ಅಂದರು: 'ಅಣ್ಣಾ, ಬಾಯಲ್ಲಿ ಹೇಳಿದ್ದು ಸಭೆಯಲ್ಲಿ ನಿಲ್ಲಂಗಿಲ್ಲ. ನಕ್ಷೆ ಕೊಡ್ರಿ, ಸರ್ವೆ ನಂಬರ್ ಕೊಡ್ರಿ. ಜಗಳ ನಾನು ಮಾಡ್ತೀನಿ.' ಆ ಮಾತು ಆಗ ಜಾರಿಕೊಳ್ಳುವ ಉತ್ತರದ ಹಾಗೆ ಕೇಳಿಸಿತ್ತು. ಈಗ ನೋಡಿದರೆ ಅವರು ಹೇಳಿದ್ದೇ ಸರಿಯಾದ ಕ್ರಮ.

ಮೊದಲು ನಕ್ಷೆ

ಬಡಾವಣೆಗೆ ಅನುಮೋದನೆ ಕೊಡುವಾಗಲೇ ಪಾರ್ಕ್ ಎಲ್ಲಿ, ಸಿಎ ಸೈಟ್ (ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಎಲ್ಲಿ, ರಸ್ತೆ ಎಷ್ಟು ಅಗಲ ಅಂತ ನಕ್ಷೆಯಲ್ಲಿ ಗುರುತು ಮಾಡಿರುತ್ತಾರೆ. ಬಳ್ಳಾರಿಯಲ್ಲಿ ಈ ನಕ್ಷೆ ಸಿಗುವುದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಅಂದರೆ ಬುಡಾದಲ್ಲಿ. ರಾಯಚೂರು, ಕೊಪ್ಪಳದಲ್ಲೂ ಇಂಥದೇ ಪ್ರಾಧಿಕಾರಗಳಿವೆ. ಸೈಟ್ ಮಾರುವಾಗ ಹಂಚಿದ ಬಣ್ಣದ ಕರಪತ್ರವನ್ನು ನಂಬಬೇಡಿ. ಅದರಲ್ಲಿ ಕಾರಂಜಿ, ಜೋಕಾಲಿ ಎಲ್ಲ ಇರುತ್ತದೆ. ಬೇಕಾಗಿರುವುದು ಪ್ರಾಧಿಕಾರದ ಮೊಹರು ಬಿದ್ದ ಪ್ರತಿ.

ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಜಾಗದ ಮೇಲೆ ನಿಂತು ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಅದು ಅಂದಾಜಿಗೆ ಮಾತ್ರ. ಗಡಿ ಜಗಳಕ್ಕೆ ಸರ್ವೆಯವರೇ ಬಂದು ಅಳೆಯಬೇಕು.

ಕಚೇರಿಯಲ್ಲಿ ನಕ್ಷೆ ಕೊಡದೆ 'ನಾಳೆ ಬನ್ನಿ' ಅಂದರೆ ಎರಡು ಸಲ ಹೋಗಿ ನೋಡಿ, ಮೂರನೇ ಸಲ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ನನ್ನ ಮೊದಲ ಅರ್ಜಿಯಲ್ಲಿ ಪಾರ್ಕು, ಚರಂಡಿ, ಬೀದಿದೀಪ, ಹಂದಿ ಕಾಟ ಎಲ್ಲ ತುಂಬಿದ್ದೆ. ವಾಪಸ್ ಬಂತು.

ಖಾತೆ ಯಾರ ಹೆಸರಲ್ಲಿ?

ಜಾಸ್ತಿ ಜನ ಎಡವುವುದು ಇಲ್ಲೇ. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಮಾತ್ರಕ್ಕೆ ಜಾಗ ಸಾರ್ವಜನಿಕರದ್ದಾಗಿ ಉಳಿಯುವುದಿಲ್ಲ. ಲೇಔಟ್ ಮಾಡಿದವರು ಪಾರ್ಕ್, ರಸ್ತೆ, ಸಿಎ ಸೈಟುಗಳನ್ನು ಬರೆದು ಬಿಟ್ಟುಕೊಡಬೇಕು. ಕಚೇರಿಯಲ್ಲಿ ಇದಕ್ಕೆ ರಿಲಿಂಕ್ವಿಶ್‌ಮೆಂಟ್ ಡೀಡ್ ಅಂತಾರೆ. ಆಮೇಲೆ ಪಾರ್ಕ್ ಪಾಲಿಕೆಗೆ ಹಸ್ತಾಂತರ ಆಗಿ, ಪಾಲಿಕೆಯ ಆಸ್ತಿ ವಹಿಯಲ್ಲಿ ಸೇರಬೇಕು. ಈ ಎರಡರಲ್ಲಿ ಒಂದು ತಪ್ಪಿದ್ದರೂ ಅದೇ ಸಂದಿಯಲ್ಲಿ ಯಾರೋ ನುಸುಳುತ್ತಾರೆ. ಹಾಗಾಗಿ ಅರ್ಜಿಯಲ್ಲಿ 'ಪಾರ್ಕ್ ಬಗ್ಗೆ ಮಾಹಿತಿ ಕೊಡಿ' ಅಂತ ಬರೆಯಬೇಡಿ. ಬಿಟ್ಟುಕೊಟ್ಟ ಪತ್ರದ ಪ್ರತಿ, ಹಸ್ತಾಂತರ ಪತ್ರದ ಪ್ರತಿ, ಆಸ್ತಿ ವಹಿಯ ಪುಟ ಅಂತ ಹೆಸರಿಟ್ಟು ಕೇಳಿ.

ಅರ್ಜಿಗೆ ಉತ್ತರ ಬರುವವರೆಗೆ ಫೋಟೊ ತೆಗೆದಿಡಿ, ತಾರೀಖು ಕಾಣುವ ಹಾಗೆ. ಒತ್ತುವರಿ ಸಾಮಾನ್ಯವಾಗಿ ಒಂದು ಕಲ್ಲಿನಿಂದ, ಒಂದು ಕಟ್ಟೆಯಿಂದ ಶುರುವಾಗುತ್ತದೆ. ಅದಕ್ಕೆ ಅರಿಶಿನ ಕುಂಕುಮ ಬಿದ್ದ ಮೇಲೆ ಮಾತಾಡಲು ಯಾರಿಗೂ ಧೈರ್ಯ ಇರುವುದಿಲ್ಲ. ರಸ್ತೆ, ಪಾರ್ಕ್‌ಗಳಲ್ಲಿ ಯಾವ ಧರ್ಮದ ಹೆಸರಲ್ಲೂ ಹೊಸದಾಗಿ ಅಕ್ರಮ ಕಟ್ಟಡ ಕಟ್ಟಬಾರದು ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶ ಕೊಟ್ಟಿದೆ. ಆದರೆ ಹಳೆಯದು ಯಾವುದು, ಹೊಸದು ಯಾವುದು ಅಂತ ತೋರಿಸಲು ನಿಮ್ಮ ಫೋಟೊವೇ ಬೇಕು.

ಮೆಂಬರ್ ಹತ್ತಿರ ಏನು ಕೇಳಬೇಕು

'ಸರ್, ಹೆಂಗಾದ್ರೂ ಉಳಿಸಿಕೊಡ್ರಿ' ಅಂತ ಕೇಳಿದರೆ 'ಮಾಡೋಣ' ಅಂತಾರೆ, ಅಷ್ಟೇ. ಮೆಂಬರ್ ಕೈಯಲ್ಲಿ ಏನಿದೆ, ಏನಿಲ್ಲ ಅಂತ ತಿಳಿದುಕೊಂಡು ಹೋಗಿ. ಒತ್ತುವರಿ ತೆರವಿಗೆ ಆದೇಶ ಕೊಡುವವರು ಆಯುಕ್ತರು. ಕೊಪ್ಪಳದಂಥ ನಗರಸಭೆಯ ಊರಾದರೆ ಪೌರಾಯುಕ್ತರು. ಮೆಂಬರ್ ಜೆಸಿಬಿ ತಂದು ನಿಲ್ಲಿಸುವಂತಿಲ್ಲ. ಆದರೆ ಸಾಮಾನ್ಯ ಸಭೆಯಲ್ಲಿ ವಿಷಯ ಎತ್ತಿ ಠರಾವು ಮಾಡಿಸಬಹುದು. ಬಜೆಟ್‌ನಲ್ಲಿ ಬೇಲಿಗೆ ದುಡ್ಡು ಇಡಿಸಬಹುದು. ನಗರ ಯೋಜನೆಯ ಸ್ಥಾಯಿ ಸಮಿತಿಯಲ್ಲಿ ಅಡ್ಡ ನಿಲ್ಲಬಹುದು. ಎಂಜಿನಿಯರನ್ನು ಜಾಗಕ್ಕೆ ಕರೆತರಬಹುದು. ಇದು ಕಡಿಮೆ ಏನಲ್ಲ.

ಬಳ್ಳಾರಿ ಪಾಲಿಕೆಯಲ್ಲಿ 39 ವಾರ್ಡ್‌ಗಳಿವೆ. ಸಭೆಯಲ್ಲಿ ಎಲ್ಲರಿಗೂ ತಮ್ಮ ವಾರ್ಡಿನ ನೀರು, ರಸ್ತೆಯದ್ದೇ ಚಿಂತೆ. ನಿಮ್ಮ ಪಾರ್ಕ್ ಕಾರ್ಯಸೂಚಿಯಲ್ಲಿ ಬರದಿದ್ದರೆ ಗದ್ದಲದಲ್ಲಿ ಮುಳುಗಿ ಹೋಗುತ್ತದೆ. ಆದ್ದರಿಂದ ಸಭೆಗೆ ಸಾಕಷ್ಟು ಮೊದಲೇ ಒಂದು ಪುಟದ ಮನವಿ ಕೊಡಿ. ಸರ್ವೆ ನಂಬರ್, ಅಳತೆ, ಬೇಡಿಕೆ ಮೂರೇ ಇರಲಿ, ಹಿಂದೆ ನಕ್ಷೆ ಲಗತ್ತಿಸಿ. ಇನ್ನೊಂದು ಪ್ರತಿಯನ್ನು ಪಾಲಿಕೆಯ ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಠರಾವು ಆಯಿತು ಅಂದರೆ ನಂಬರ್, ತಾರೀಖು ಕೇಳಿ. ನಂಬರ್ ಇಲ್ಲದ ಠರಾವು ಬರೀ ಸಮಾಧಾನದ ಮಾತು.

ಮಹಿಳಾ ಮೀಸಲು ವಾರ್ಡ್ ಆದರೆ ಎಷ್ಟೋ ಸಲ ಫೋನ್ ಎತ್ತುವುದು ಮೇಡಂ ಅವರ ಯಜಮಾನರು. ಅವರಿಗೂ ನಮಸ್ಕಾರ ಹೇಳಿ. ಆದರೆ ಮನವಿಯನ್ನು ಮೇಡಂ ಕೈಗೇ ಕೊಡಿ. ಸಭೆಯಲ್ಲಿ ಕೂತು ಮಾತಾಡುವವರು ಅವರು. ಚುನಾವಣೆ ಆಗದೆ ಮೆಂಬರ್‌ಗಳೇ ಇಲ್ಲದ ಕಾಲವೂ ಬರುತ್ತದೆ. ಆಗ ಇದೇ ಕಾಗದ ಆಡಳಿತಾಧಿಕಾರಿಗೆ ಹೋಗಬೇಕು.

'ಪಾರ್ಕ್ ಯಾಕ್ರೀ, ಅಲ್ಲೊಂದು ಆಸ್ಪತ್ರೆ ಆದ್ರೆ ಒಳ್ಳೇದಲ್ವಾ' ಅನ್ನುವವರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕ್ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದರು. ಬಡಾವಣೆಯ ಜನ ಕೋರ್ಟಿಗೆ ಹೋದರು. ಆ ಹಂಚಿಕೆ ಸಲ್ಲದು ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ವಕೀಲರಿಗೆ ಹೇಳಿದರೆ ಸಾಕು. ರಾಜ್ಯದಲ್ಲಿ ಪಾರ್ಕ್, ಆಟದ ಮೈದಾನ, ಬಯಲು ಜಾಗ ಉಳಿಸಲೆಂದೇ 1985ರ ಕಾನೂನೂ ಇದೆ. ಮನವಿಯಲ್ಲಿ ಇವೆರಡರ ಹೆಸರು ಬರೆಯಿರಿ. ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಬೇಲಿ, ಬೋರ್ಡು, ನೀರು

ಠರಾವು ಆದ ಮೇಲೆ ಸುಮ್ನೆ ಕೂತರೆ ಜಾಲಿ ಮತ್ತೆ ಬರುತ್ತದೆ. ಅದನ್ನು ಕಡಿದರೆ ಸಾಲದು, ಬುಡದಿಂದ ಇನ್ನೂ ಜಾಸ್ತಿ ಚಿಗುರುತ್ತದೆ. ಬೇರುಸಮೇತ ಕೀಳಿಸಬೇಕು. ಜಾಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಡ. ನಡುವೆ ಬೇವು ಇದ್ದರೆ ಮುಟ್ಟಬೇಡಿ. ಅದನ್ನು ಕಡಿಯಲು 1976ರ ಮರ ಸಂರಕ್ಷಣೆ ಕಾನೂನಿನ ಪ್ರಕಾರ ಅನುಮತಿ ಬೇಕು. ಅಲ್ಲದೆ ನಮ್ಮ ಬಿಸಿಲಿಗೆ ಬೇವಿಗಿಂತ ಒಳ್ಳೇ ನೆರಳು ಎಲ್ಲಿದೆ?

ಸಸಿ ನೆಡುವುದು ಮೊದಲ ಮಳೆ ಬಿದ್ದ ಮೇಲೆ, ಜೂನ್‌-ಜುಲೈನಲ್ಲಿ. ಫೋಟೊಗಾಗಿ ಏಪ್ರಿಲ್‌ನಲ್ಲಿ ನೆಟ್ಟರೆ ಮೇ ತಿಂಗಳಿಗೆ ಕಡ್ಡಿ ಉಳಿಯುತ್ತದೆ. ಬೇವು, ಹೊಂಗೆ ಸಾಕು, ಲಾನ್ ಆಸೆ ಬಿಡಿ. ಕುಡಿಯುವ ನೀರೇ ದಿನವೂ ಬಾರದ ಊರಲ್ಲಿ ಹುಲ್ಲಿಗೆ ಯಾರು ನೀರು ಬಿಡುತ್ತಾರೆ? ಮೊದಲ ಎರಡು ಬೇಸಿಗೆ ಟ್ಯಾಂಕರ್ ಕಳಿಸಿ ಅಂತ ಮೆಂಬರ್‌ಗೆ ಆ ಮನವಿಯಲ್ಲೇ ಬರೆದು ಕೊಡಿ.

ನಮ್ಮಲ್ಲಿ ಬೇಲಿಗಿಂತ ಮೊದಲು ಬೋರ್ಡ್ ಬಂತು. 'ಇದು ಪಾಲಿಕೆಯ ಸ್ವತ್ತು' ಅಂತ ದೊಡ್ಡ ಅಕ್ಷರ, ಕೆಳಗೆ ಸರ್ವೆ ನಂಬರ್, ಠರಾವಿನ ನಂಬರ್. ಆಮೇಲೆ ಸುಣ್ಣದ ಗೆರೆ ಎಳೆದವರು ಈ ಕಡೆ ತಲೆ ಹಾಕಲಿಲ್ಲ. ಗೆರೆ ಮೊದಲ ಮಳೆಗೆ ತೊಳೆದು ಹೋಯಿತು. ಜಲ್ಲಿಯನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಪಾರ್ಕಿನ ಗೇಟಿನ ಮುಂದೆ ನೀರು ನಿಲ್ಲುತ್ತಿದ್ದ ಗುಂಡಿಗೆ ಅದನ್ನೇ ತುಂಬಿದೆವು.